ಅರ್ಧ ಇಂಚು

ನಲವತ್ತಾರು ವರ್ಷ ‘ಲೇ’ ಎಂದು ಕರೆದ ಗಂಡ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ‘ಬನ್ನಿ, ಕೂತ್ಕೊಳ್ಳಿ’ ಎಂದರೆ ಯಾರಿಗೆ ತಾನೆ ನಗು ಬರುವುದಿಲ್ಲ? ಕಾಜಮ್ಮನಿಗೂ ಮೊದಲು ನಗುವೇ ಬಂತು. ಟೀ ಲೋಟವನ್ನು ಕಟಿಂಗ್ ಟೇಬಲ್ಲಿನ ಮೂಲೆಗಿಟ್ಟು, “ಏನ್ರೀ ಇದು, ಬೆಳಬೆಳಗ್ಗೆ ಇಷ್ಟೊಂದು ಮರ್ಯಾದೆ? ಮೈ ಹುಷಾರಾಗಿದೆ ತಾನೆ?” ಎಂದಳು. ಮಾಸ್ಟರ್ ನಗಲಿಲ್ಲ. ಅವಳ ಬೆರಳು ತಾಗದ ಹಾಗೆ ಜೋಪಾನವಾಗಿ ಲೋಟ ಎತ್ತಿಕೊಂಡು, ಗುರುತಿಲ್ಲದವರ ಮನೆಯಲ್ಲಿ ಆಡುವ ಮೆಲುದನಿಯಲ್ಲಿ, “ಸುಮ್ನೆ ತೊಂದ್ರೆ ತಗೊಂಡ್ರಿ” ಎಂದ. ಅವಳ ನಗು ಗಂಟಲಲ್ಲೇ ಉಳಿಯಿತು.

ಕಾಜಮ್ಮ ಎನ್ನುವುದು ಅವಳ ಹೆಸರಲ್ಲ. ಗಂಡ ಹೊಲಿದ ಕೋಟುಗಳಿಗೆಲ್ಲ ಗುಂಡಿ ತೂರಿಸುವ ಕಾಜಾ ಕಟ್ಟಿ, ಗುಂಡಿ ಹಚ್ಚಿ, ಅಂಚು ಮಡಿಸಿ ಹೊಲಿದೂ ಹೊಲಿದೂ ಬೀದಿಯವರು ಇಟ್ಟ ಹೆಸರು ಅದು; ಸ್ವಂತ ಹೆಸರು ಯಾವುದೋ ಕಾಗದಪತ್ರದಲ್ಲಿ ಧೂಳು ತಿನ್ನುತ್ತಾ ಬಿದ್ದಿದೆ. ಮಾಸ್ಟರಿಗೂ ಬೀದಿಯವರು ಬಿಟ್ಟಿರಲಿಲ್ಲ. ಅವನು ಕಾಲಿಂಚು ಮಾಸ್ಟರ್. ಕಾಲು ಇಂಚು ಹೆಚ್ಚುಕಮ್ಮಿಯಾದರೆ ಸಿದ್ಧವಾದ ಕೋಟನ್ನೇ ಬಿಚ್ಚಿ ಹಾಕುವ ಆಸಾಮಿ. “ಆಗುತ್ತೆ ಬಿಡಿ ಮಾಸ್ಟರ್, ಅದನ್ನ ಯಾರು ನೋಡ್ತಾರೆ” ಎಂದ ಗಿರಾಕಿಯ ಕೈಗೆ ಬಟ್ಟೆ ವಾಪಸು ಕೊಟ್ಟು ಬಾಗಿಲು ತೋರಿಸಿದ್ದೂ ಉಂಟು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ನಡುವೆ ಕಟಿಂಗ್ ಟೇಬಲ್ಲು, ಒಂದು ಗೋಡೆಗೆ ಆಳೆತ್ತರದ ಕನ್ನಡಿ, ಎದುರು ಗೋಡೆಗೆ ಗಿರಾಕಿಗಳು ಕೂರುವ ಉದ್ದನೆಯ ಬೆಂಚು, ಬೆಂಚಿನ ಪಕ್ಕದಲ್ಲೇ ಬೀದಿ ಬಾಗಿಲು. ಕಾಜಮ್ಮನ ಇಡೀ ಬದುಕು ಈ ನಾಲ್ಕು ಸಾಮಾನುಗಳ ಮಧ್ಯೆ ಕಳೆದಿತ್ತು.

‘ನೀವು’ ಅಂದ ದಿನ ಆಕಾಶದಿಂದ ಬಿದ್ದದ್ದೇನಲ್ಲ. ಎರಡು ವರ್ಷದಿಂದ ಒಂದೊಂದಾಗಿ ಎಳೆ ಬಿಚ್ಚಿಕೊಳ್ಳುತ್ತಲೇ ಇತ್ತು. ಮೊದಲು ಶಾಲೆಯ ಡ್ರಿಲ್ ಮೇಷ್ಟ್ರ ಕೋಟು. ಅದಕ್ಕೆ ಮಾಸ್ಟರ್ ಎರಡೂ ಎಡತೋಳನ್ನೇ ಕತ್ತರಿಸಿದ್ದ. ಮೇಷ್ಟ್ರು ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರೆ ಬಲಗೈ ಮಾತ್ರ ಬೆನ್ನಿನ ಕಡೆಗೆ ತಿರುಚಿಕೊಂಡಿತ್ತು. ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕರು, ಕಾಜಮ್ಮನೂ ನಕ್ಕಳು. ಮಾಸ್ಟರ್ ಆ ತೋಳನ್ನು ಹಿಡಿದು, ಯಾರೋ ತನ್ನ ಕೈಯಿಂದ ಮಾಡಿಸಿದ ಕೆಲಸ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಅಂಗಡಿಗೆ ಹೊಸ ಬಟ್ಟೆ ಬರುವುದು ಕಮ್ಮಿಯಾಯಿತು. ಬಂದದ್ದನ್ನು ಕಾಜಮ್ಮನೇ ಪಕ್ಕದ ಬೀದಿಯ ಅಂಗಡಿಯಲ್ಲಿ ಗುಟ್ಟಾಗಿ ಕಟಿಂಗ್ ಮಾಡಿಸಿ ತರುತ್ತಿದ್ದಳು.

ಆಮೇಲೆ ಕಾಲು. ನಡೆಯುತ್ತಾ ನಡೆಯುತ್ತಾ ಬಾಗಿಲ ಹತ್ತಿರ ಬಂದರೆ ಪಾದ ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಿತ್ತು. ಮೈ ಮುಂದಕ್ಕೆ ಬಾಗುತ್ತಿತ್ತು, ಕಾಲು ಬರುತ್ತಿರಲಿಲ್ಲ. ಅದಕ್ಕೆ ಡಾಕ್ಟರಮ್ಮ ಒಂದು ಉಪಾಯ ಹೇಳಿಕೊಟ್ಟಿದ್ದರು. ಅವನ ಪಾದದ ಮುಂದೆ ಒಂದು ಗೆರೆ ಎಳೆದರೆ ಸಾಕು, ಕಾಲು ಅದನ್ನು ದಾಟುವುದಕ್ಕಾದರೂ ಮೇಲೇಳುತ್ತದೆ. ಕಾಜಮ್ಮ ಮೂಗು ಮುರಿದಿದ್ದಳು. ಮಾಡಿ ನೋಡಿದರೆ ನಿಜ. ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದ ನೆಲದ ಮೇಲೆ ಒಂದು ಗೆರೆ ಎಳೆದ ಕೂಡಲೇ, ಅದುವರೆಗೆ ಗೂಟ ಹೊಡೆದಂತೆ ನಿಂತವನು ಕಾಲುವೆ ದಾಟುವವನ ಹಾಗೆ ಕಾಲೆತ್ತಿ ಹಾಕಿಬಿಟ್ಟ. ಅಂದಿನಿಂದ ಒಂದು ಬಿಲ್ಲೆ ಸದಾ ಅವಳ ಸೆರಗಿನ ಗಂಟಿನಲ್ಲೇ ಇರುತ್ತಿತ್ತು.

ಮೂರನೆಯದು ಬೆಂಚಿನ ಮೇಲಿನ ಜನ. ಅದನ್ನು ನೆನೆದರೆ ಅವಳಿಗೆ ನಡುಹಗಲಿನಲ್ಲೂ ಬೆನ್ನಲ್ಲಿ ಚಳಿ ಹರಿಯುತ್ತಿತ್ತು. “ಅವರನ್ನ ಎಷ್ಟು ಹೊತ್ತು ಕಾಯಿಸ್ತೀಯೇ, ಪಾಪ, ಟ್ರಯಲ್ಲಿಗೆ ಬಂದಿದಾರೆ” ಎನ್ನುತ್ತಿದ್ದ, ಖಾಲಿ ಬೆಂಚು ತೋರಿಸಿ. ಅವರು ಮಾತಾಡುವುದಿಲ್ಲವಂತೆ, ಗಲಾಟೆ ಮಾಡುವುದಿಲ್ಲವಂತೆ. ಕೈ ಮಡಿಲಲ್ಲಿಟ್ಟು ಸುಮ್ಮನೆ ಕಾಯುತ್ತಾರಂತೆ. ಕಾಜಮ್ಮ ಒಂದು ನಿಯಮ ಮಾಡಿಕೊಂಡಿದ್ದಳು: ಅವನು ಬೆರಳು ತೋರಿಸಿದಾಗ ಆ ಕಡೆ ತಿರುಗಬಾರದು. ತಿರುಗಿದರೆ ಏನೂ ಕಾಣುವುದಿಲ್ಲ ಎಂದು ಗೊತ್ತಿತ್ತು. ಆದರೂ ಒಂದು ದಿನವೂ ತಿರುಗಲಿಲ್ಲ.

ಎಲ್ಲವೂ ಒಂದೇ ಕಾಯಿಲೆ ಎಂದರು ಡಾಕ್ಟರಮ್ಮ. ಮಿದುಳು ಸವೆಯುತ್ತಿದೆ, ಕಾಲಿಗೂ ಕಣ್ಣಿಗೂ ಯೋಚನೆಗೂ ಹೋಗುವ ದಾರಿಗಳು ಒಂದೊಂದಾಗಿ ಮುಚ್ಚುತ್ತಿವೆ. ‘ನೀವು’ ಎಂದ ವಿಷಯ ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು.

“ನಿಮ್ಮ ಮುಖ ಅವರಿಗೆ ಕಾಣುತ್ತಮ್ಮ, ಹೆಂಡತಿ ಮುಖ ಅಂತಾನೂ ಗೊತ್ತಾಗುತ್ತೆ. ಆದ್ರೆ ನಮ್ಮವರನ್ನ ನೋಡಿದ ಕೂಡ್ಲೇ ಒಳಗೆ ಒಂಥರಾ ಆಗುತ್ತಲ್ಲ, ಅದು ಆಗ್ತಿಲ್ಲ. ಮುಖ ಅದೇ, ಒಳಗೆ ಏನೂ ಆಗ್ತಿಲ್ಲ ಅಂದ್ರೆ ಅವರೇನಂದ್ಕೋಬೇಕು? ಯಾರೋ ಹೆಂಡತಿ ವೇಷ ಹಾಕ್ಕೊಂಡು ಬಂದಿದಾರೆ ಅಂದ್ಕೊಂಡಿದಾರೆ. ವಾದ ಮಾಡೋಕೆ ಹೋಗ್ಬೇಡಿ.”

ವಾದ ಮಾಡಬೇಡಿ ಎಂದು ಹೇಳುವುದು ಸುಲಭ. ಅವನು ಅವಳನ್ನು ದಿನವಿಡೀ ನೋಡುತ್ತಿದ್ದ. ಪಾತ್ರೆ ತೊಳೆದರೆ ನೋಡುತ್ತಿದ್ದ, ಕಾಜಾ ಕಟ್ಟಿದರೆ ಕತ್ತು ಚಾಚಿ ಹೊಲಿಗೆ ಎಣಿಸುತ್ತಿದ್ದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅಸಲಿನಂತೆಯೇ ಇರುವ ನಕಲಿ ಮಾಲು ಕೈಗೆ ಬಂದಾಗ ಕಸುಬುದಾರ ಪಡುವ ಆಶ್ಚರ್ಯವಿತ್ತು. ಭಾನುವಾರ ಮಗಳು ಬಂದಾಗ ಅವಳನ್ನು ಕನ್ನಡಿಯ ಪಕ್ಕಕ್ಕೆ ಕರೆದು ಪಿಸುಗುಟ್ಟಿದ. ಅಡುಗೆಮನೆಯಲ್ಲಿದ್ದ ಕಾಜಮ್ಮನಿಗೆ ಒಂದೊಂದು ಮಾತೂ ಕೇಳಿಸಿತು.

“ಎಲ್ಲಾ ನಿಮ್ಮಮ್ಮನ ಥರಾನೇ ಮಾಡ್ತಾಳಮ್ಮ. ಕಾಜಾ ಕೂಡ. ಒಂದು ಹೊಲಿಗೆ ಆಚೆ ಈಚೆ ಇಲ್ಲ. ಎಷ್ಟು ವರ್ಷ ಕಲಿತಿರ್ಬೇಕು ನೋಡು. ಆದ್ರೆ ನಿಮ್ಮಮ್ಮ ಎಲ್ಲಿ? ಅವಳನ್ನ ಏನು ಮಾಡಿದಾರೆ?”

ಮಗಳು ಅಡುಗೆಮನೆಗೆ ಬಂದಾಗ ಅವಳ ಮುಖ ಬಿಳಿಚಿತ್ತು. “ಅಮ್ಮ, ರಾತ್ರಿ ದಿಂಬಿನ ಕೆಳಗೆ ಕತ್ತರಿ ಇಟ್ಕೊಂಡು ಮಲಗ್ತಾರಂತೆ. ಅವರೇ ಹೇಳಿದ್ರು. ನಿನ್ನ ಕೈಯಲ್ಲಿ ಇದು ಆಗಲ್ಲ. ಇಂಥವರನ್ನ ನೋಡ್ಕೊಳ್ಳೋ ಮನೆ ಒಂದಿದೆ, ನಾನು ಮಾತಾಡಿದೀನಿ. ಮುಂದಿನ ಭಾನುವಾರ ಕರ್ಕೊಂಡು ಹೋಗ್ತೀನಿ.”

“ಅವರಿಗೆ ನಾನು ನಾನೇ ಅಂತ ಗೊತ್ತಾಗ್ಬಿಟ್ರೆ?”

“ಗೊತ್ತಾದ್ರೆ ಇಲ್ಲೇ ಇರ್ಲಿ, ಯಾರು ಬೇಡ ಅಂತಾರೆ. ಆದ್ರೆ ಹೇಗಮ್ಮ ಗೊತ್ತಾಗುತ್ತೆ?”

ಒಂದು ವಾರ. ಏಳು ದಿನದಲ್ಲಿ ಅವಳು ತಾನು ತಾನೇ ಎಂದು ಸಾಧಿಸಿ ತೋರಿಸಬೇಕಿತ್ತು. ಇಲ್ಲದಿದ್ದರೆ ನಲವತ್ತಾರು ವರ್ಷ ಜೊತೆಗಿದ್ದ ಗಂಡ ಅವಳನ್ನು ಕಳ್ಳಿ ಎಂದುಕೊಂಡೇ ಮನೆ ಬಿಟ್ಟು ಹೋಗುತ್ತಾನೆ. ಅವನು ಹೋಗುವುದಕ್ಕಿಂತ ಹಾಗೆಂದುಕೊಂಡು ಹೋಗುವುದು ಅವಳಿಗೆ ತಡೆಯಲಾಗದ ಮಾತಾಗಿತ್ತು.

ದಾರಿ ತೋರಿಸಿದವನು ಮಾಸ್ಟರೇ. ಸೋಮವಾರ ಬೆಳಗ್ಗೆ ಕಪಾಟಿನಿಂದ ಹಳೆಯ ಅಳತೆ ಪುಸ್ತಕ ತೆಗೆದು, ಮೊದಲ ಹಾಳೆ ಬಿಡಿಸಿ ಟೇಬಲ್ಲಿನ ಮೇಲಿಟ್ಟ. ಮದುವೆಯಾದ ಮರುವಾರ ಅವಳಿಗೆ ಉಣ್ಣೆಯ ಕೋಟು ಹೊಲಿಯಲು ತೆಗೆದ ಅಳತೆ ಅಲ್ಲಿತ್ತು. ಅದರ ಕೆಳಗೆ ಅವನದೇ ಅಳತೆ.

“ಬೇಜಾರು ಮಾಡ್ಕೋಬೇಡಿ” ಎಂದ, ಕತ್ತಿನಲ್ಲಿದ್ದ ಟೇಪು ತೆಗೆಯುತ್ತಾ. “ಸೊಂಟ, ಎದೆ ಎಲ್ಲಾ ನಾನು ನೋಡಲ್ಲ. ಮಾಂಸ ಇವತ್ತು ಬರುತ್ತೆ ನಾಳೆ ಹೋಗುತ್ತೆ. ಶೋಲ್ಡರ್ ಮೂಳೆ ಮಾತ್ರ ನೋಡ್ತೀನಿ. ನಮ್ಮವಳದ್ದು ಹದಿನಾಲ್ಕೂವರೆ.”

ಕಾಜಮ್ಮನಿಗೆ ಖುಷಿಯೇ ಆಯಿತು. ದೇವರೇ ಬಂದು ಸಾಕ್ಷಿ ಹೇಳಿದರೂ ನಂಬದವನು ಟೇಪು ಹೇಳಿದರೆ ನಂಬುತ್ತಾನೆ. ಅವಳು ಬೆನ್ನು ತಿರುಗಿಸಿ ನೆಟ್ಟಗೆ ನಿಂತಳು. ಸುಮ್ಮನಿದ್ದಾಗ ಗಡಗಡ ನಡುಗುವ ಅವನ ಕೈ, ಕೆಲಸಕ್ಕೆ ಇಳಿದ ಕೂಡಲೇ ನಿಂತುಹೋಯಿತು. ಅದೂ ಆ ಕಾಯಿಲೆಯ ಒಂದು ವಿಚಿತ್ರ. ಎಡ ಹೆಗಲ ಮೂಳೆಗೆ ಟೇಪಿನ ಹಿತ್ತಾಳೆ ತುದಿ ಒತ್ತಿ, ಬಲ ಹೆಗಲವರೆಗೆ ಎಳೆದು, ಉಗುರಿನಿಂದ ಗುರುತು ಹಿಡಿದ.

“ಹದಿನಾಲ್ಕು” ಎಂದ.

“ಇನ್ನೊಂದ್ಸಲ ನೋಡ್ರೀ.”

ಇನ್ನೊಂದು ಸಲವೂ ಹದಿನಾಲ್ಕೇ. ಬಗ್ಗಿ ಬಗ್ಗಿ ಕಾಜಾ ಕಟ್ಟಿ ಬೆನ್ನು ಗೂನಾಗಿತ್ತು, ಹೆಗಲು ಒಳಕ್ಕೆ ಬಾಗಿತ್ತು. ಅವನ ಕೋಟುಗಳೇ ಅವಳ ಅರ್ಧ ಇಂಚು ತಿಂದಿದ್ದವು ಎನ್ನಿ. ಅದನ್ನು ಅವನಿಗೆ ಹೇಗೆ ಹೇಳುವುದು? ಅವಳು ಬೇರೆ ನೆಪ ಹುಡುಕಿದಳು. “ಟೇಪು ಹಳೇದಾಗಿದೆ, ಎಳೆದೂ ಎಳೆದೂ ಉದ್ದ ಆಗಿದೆ, ಅದಕ್ಕೇ ಕಮ್ಮಿ ತೋರಿಸ್ತಿದೆ.”

ಮಾಸ್ಟರ್ ಆ ಮಾತನ್ನು ಗೌರವದಿಂದ ಕೇಳಿದ. ಕಸುಬಿನ ಮಾತಲ್ಲವೇ. “ಹಾಗಾದ್ರೆ ನನ್ನದು ಹಿಡೀರಿ” ಎಂದು ಬೆನ್ನು ತಿರುಗಿಸಿದ. ಅವಳು ಟೇಪು ಹಿಡಿದು, ಉಗುರಿನ ಗುರುತು ಬಿಡದೆ ಅವನ ಕೈಗೆ ಕೊಟ್ಟಳು. ಅವನು ಬೆಳಕಿಗೆ ಹಿಡಿದು ನೋಡಿದ. ಹದಿನೇಳೂ ಕಾಲು. ಪುಸ್ತಕದಲ್ಲಿ ಬರೆದದ್ದೂ ಹದಿನೇಳೂ ಕಾಲು. ನಲವತ್ತಾರು ವರ್ಷಕ್ಕೂ ಜಗ್ಗದ ಹೆಗಲು ಅದು.

“ಟೇಪು ಸರಿಯಾಗಿದೆ” ಎಂದು ಪುಸ್ತಕ ಮುಚ್ಚಿದ. “ನೀವು ಒಳ್ಳೆಯವರ ಹಾಗೆ ಕಾಣ್ತೀರಿ. ಯಾರು ಕಳಿಸಿದ್ರೋ ಅವರಿಗೆ ಹೇಳಿ, ಅರ್ಧ ಇಂಚು ತಪ್ಪಿದೆ ಅಂತ.”

ಆವತ್ತು ಮಧ್ಯಾಹ್ನ ಅವಳು ಸೊಪ್ಪು ತರಲು ಹೋಗಿ ಬರುವಷ್ಟರಲ್ಲಿ, ಅವಳ ಬಟ್ಟೆಗಳು ಇಸ್ತ್ರಿ ಹಾಕಿದಷ್ಟು ನೀಟಾಗಿ ಮಡಿಕೆಯಾಗಿ ಒಂದು ಚೀಲದಲ್ಲಿ ಬೀದಿ ಬಾಗಿಲಿನ ಹೊರಗೆ ಕೂತಿದ್ದವು. ಚೀಲದ ಮೇಲೆ ಅವಳ ಸೂಜಿದಿಂಬು. ಅದರ ಮೇಲೆ ಒಂದು ಸೂಜಿಗೂ ದಾರವಿರಲಿಲ್ಲ.

ಅದನ್ನು ಕಂಡೇ ಅವಳಿಗೆ ಅಳು ಬಂತು. ನಾಲ್ಕು ವರ್ಷದಿಂದ ಅವಳ ಕಣ್ಣು ಮಂಜಾಗುತ್ತಾ ಬಂದಿತ್ತು. ಸೂಜಿಯ ಕಣ್ಣು ಎಲ್ಲಿದೆಯೆಂದು ಬೆರಳಿಗೆ ಗೊತ್ತಾಗಬೇಕೇ ಹೊರತು ನೋಟಕ್ಕಲ್ಲ. ಅದನ್ನು ಅವಳು ಗಂಡನಿಗಾಗಲಿ ಮಗಳಿಗಾಗಲಿ ಡಾಕ್ಟರಿಗಾಗಲಿ ಹೇಳಿರಲಿಲ್ಲ. ಕಾಜಾ ಕಟ್ಟಲಾರದ ಕಾಜಮ್ಮ ಎಂದರೆ ಏನು ಅರ್ಥ? ಅದೃಷ್ಟಕ್ಕೆ ಅದೇ ಕಾಲದಲ್ಲಿ ಮಾಸ್ಟರಿಗೆ ಹೊಸದೊಂದು ಖಯಾಲಿ ಹತ್ತಿತ್ತು. ಬೆಳಗ್ಗೆ ಎದ್ದ ಕೂಡಲೇ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಡುವುದು. ಮುದುಕರ ಹುಚ್ಚು, ಇರಲಿ, ತನಗೂ ಅನುಕೂಲವಾಯಿತು ಎಂದುಕೊಂಡು ಅವಳು ಸುಮ್ಮನಿದ್ದಳು. ‘ನೀವು’ ಎಂದ ದಿನದಿಂದ ಅದು ನಿಂತುಹೋಗಿತ್ತು. ಬೇರೆಯವರ ಸೂಜಿ ಮುಟ್ಟುವವನಲ್ಲ ಅವನು.

ಚೀಲವನ್ನು ಹಿತ್ತಲ ಬಾಗಿಲಿನಿಂದ ಒಳಗೆ ತಂದಳು. ಮಾಸ್ಟರ್ ಊಟದ ನಿದ್ದೆಯಲ್ಲಿದ್ದ. ಟೇಪು ಟೇಬಲ್ಲಿನ ಮೇಲೆ ಬಿದ್ದಿತ್ತು. ಅದನ್ನು ನೋಡುತ್ತಾ ನಿಂತವಳಿಗೆ ರೋಷ ಉಕ್ಕಿತು. ಮೂಳೆ ಸವೆಯುತ್ತದೆ, ಮಿದುಳು ಸವೆಯುತ್ತದೆ, ಈ ಬಟ್ಟೆಯ ಪಟ್ಟಿ ಮಾತ್ರ ಸತ್ಯಹರಿಶ್ಚಂದ್ರನ ಮೊಮ್ಮಗನೇನು? ತುದಿಯ ಹಿತ್ತಾಳೆ ತಗಡನ್ನು ಕತ್ತರಿ ಮೊನೆಯಿಂದ ಮೀಟಿ ಬಿಚ್ಚಿದಳು. ಒಂದನೇ ಅಂಕಿಗಿಂತ ಮುಂಚೆ ಇರುವ ಖಾಲಿ ಜಾಗದಲ್ಲಿ, ಬೆರಳಿನಿಂದ ತಡವಿ, ಸರಿಯಾಗಿ ಅರ್ಧ ಇಂಚು ಕತ್ತರಿಸಿದಳು. ತಗಡನ್ನು ಮತ್ತೆ ಕೂರಿಸಿ ಹಲ್ಲಿನಿಂದ ಕಚ್ಚಿ ಬಿಗಿ ಮಾಡಿದಳು. ಇನ್ನು ಹದಿನಾಲ್ಕಿದ್ದದ್ದನ್ನು ಅದು ಹದಿನಾಲ್ಕೂವರೆ ಎಂದೇ ತೋರಿಸುತ್ತದೆ. ಆ ತುದಿ ಯಾವಾಗಲೂ ಅವನ ಹೆಬ್ಬೆರಳಿನ ಕೆಳಗೇ ಇರುತ್ತದೆ, ಅವನು ನೋಡುವುದು ಇನ್ನೊಂದು ತುದಿಯನ್ನು. ಕತ್ತರಿಸಿದ ಚೂರನ್ನು ಒಲೆಗೆ ಹಾಕಿದಳು. ಇಷ್ಟು ವರ್ಷದಲ್ಲಿ ಆ ಅಂಗಡಿಯಲ್ಲಿ ಅಳತೆಯ ಮೋಸ ನಡೆದದ್ದು ಅದೇ ಮೊದಲು.

ಮಂಗಳವಾರ ಅವಳಿಗೆ ಧೈರ್ಯ ಬರಲಿಲ್ಲ. ಬುಧವಾರ ಬೆಳಗ್ಗೆ ತಾನೇ ಹೋಗಿ ಅವನ ಮುಂದೆ ಬೆನ್ನು ತಿರುಗಿಸಿ ನಿಂತಳು.

“ಇನ್ನೊಂದೇ ಸಲ ನೋಡಿ. ತಪ್ಪಿದ್ರೆ ನಾನೇ ಹೊರಡ್ತೀನಿ.”

ಟೇಪು ಹೆಗಲ ಮೇಲೆ ಹರಿಯಿತು. ಅವನ ಉಸಿರು ಅವಳ ಕತ್ತಿಗೆ ತಾಗುತ್ತಿತ್ತು, ಆಮೇಲೆ ತಾಗಲಿಲ್ಲ. ಉಸಿರು ಹಿಡಿದಿದ್ದ. ಮತ್ತೆ ಅಳೆದ. ಮೂರನೇ ಸಲ ಅಳೆದ. ಕೊನೆಗೆ ಅವಳ ಎರಡೂ ಹೆಗಲ ಮೇಲೆ ಕೈಯಿಟ್ಟ, ಕೈ ನಡುಗತೊಡಗಿತು.

“ಲೇ” ಎಂದ. “ಎಲ್ಲಿ ಹೋಗಿದ್ಯೇ ಇಷ್ಟು ದಿನ?”

ಅವಳು ತಿರುಗಿ ಅವನ ಎದೆಗೆ ಹಣೆ ಒತ್ತಿ, ಮದುವೆಯಾದ ಹೊಸತರಲ್ಲೂ ಅಷ್ಟು ಅತ್ತಿರಲಿಲ್ಲ, ಅಷ್ಟು ಅತ್ತಳು. “ಇಲ್ಲೇ ಇದ್ದೆ ಕಣ್ರೀ. ಎಲ್ಲಿ ಹೋಗ್ಲಿ ನಾನು?”

ಮೂರು ದಿನ ಆ ಮನೆಯಲ್ಲಿ ಹಬ್ಬ. ಗುರುವಾರ ಬೆಳಗ್ಗೆ ದಿಂಬಿನ ಮೇಲೆ ಹತ್ತು ಸೂಜಿಗಳು ದಾರ ಸಮೇತ ನಿಂತಿದ್ದವು. ಟೀಗೆ ಸಕ್ಕರೆ ಕಮ್ಮಿಯಾಯಿತೆಂದು ಬೈದ. ಅವಳು ಬೈಸಿಕೊಂಡು ಒಳಗೆ ಹೋಗಿ ನಕ್ಕಳು. ಮಗಳಿಗೆ ಫೋನು ಮಾಡಿ, “ಭಾನುವಾರ ಬಾ, ಆದ್ರೆ ಕರ್ಕೊಂಡು ಹೋಗೋಕಲ್ಲ, ಊಟಕ್ಕೆ ಬಾ” ಎಂದಳು. ಮಗಳಿಗೆ ನಂಬಿಕೆ ಬರಲಿಲ್ಲ. ಮಾಸ್ಟರೇ ಫೋನು ಕಿತ್ತುಕೊಂಡು, “ನಿಮ್ಮಮ್ಮ ಸಿಕ್ಕಿದಳು ಕಣಮ್ಮ” ಎಂದ. ಆ ಕಡೆ ಮಗಳು ಬಿಕ್ಕಿದ್ದು ಕಾಜಮ್ಮನಿಗೂ ಕೇಳಿಸಿತು.

ಟೇಪಿಗೆ ಮೊದಲಿನ ಹಾಗೆ ಅರ್ಧ ಇಂಚು ಸೇರಿಸಿ ಹೊಲಿದುಬಿಡಬೇಕು ಎಂದು ಶುಕ್ರವಾರ ಒಮ್ಮೆ ಅನ್ನಿಸಿತ್ತು. ಮತ್ತೆ ಅಳೆದರೆ? ಎಂಬ ಹೆದರಿಕೆಗೆ ಕೈ ಹಿಂತೆಗೆದಳು. ಬುದ್ಧಿವಂತೆ. ತನ್ನ ಹೆಗಲಿನ ಬಗ್ಗೆ ಮಾತ್ರ ಯೋಚಿಸಿದಳು.

ಶನಿವಾರ ಮಧ್ಯಾಹ್ನ, ಬಿಸಿಲು ಬೀದಿ ಬಾಗಿಲಿನಿಂದ ಒಳಗೆ ಬಂದು ಟೇಬಲ್ಲಿನ ಕಾಲಿನವರೆಗೆ ಚಾಚಿದ್ದ ಹೊತ್ತು. ಮಾಸ್ಟರ್ ಕಪಾಟಿನಿಂದ ಬೂದು ಬಣ್ಣದ ಬಟ್ಟೆಯೊಂದನ್ನು ಹೊರಗೆ ತೆಗೆದ.

“ಲೇ, ಬಾ ಇಲ್ಲಿ. ನಾಳೆ ಮಗಳು ಬರ್ತಾಳಲ್ಲ, ನಂಗೊಂದು ಕೋಟು ಕತ್ತರಿಸ್ತೀನಿ. ಶೋಲ್ಡರ್ ಹಿಡಿ.”

“ಈಗ್ಯಾಕ್ರೀ, ಮಲಗೋ ಹೊತ್ತಲ್ಲಿ? ನಿಮ್ಮದು ಹದಿನೇಳೂ ಕಾಲು, ನನಗೆ ಬಾಯಿಪಾಠ. ಪುಸ್ತಕದಲ್ಲೂ ಇದೆಯಲ್ಲ.”

“ಪುಸ್ತಕ ನೋಡಿ ಬಟ್ಟೆ ಕತ್ತರಿಸೋನು ಟೈಲರ್ರೇನೇ? ಹಿಡಿ.”

ಹಿಡಿದಳು. ಉಗುರು ಹದಿನೇಳೂ ಮುಕ್ಕಾಲಿನ ಮೇಲೆ ಬಿತ್ತು. ಉಗುರನ್ನು ಮೆಲ್ಲಗೆ, ಉಸಿರಾಡಿದಷ್ಟು ಮೆಲ್ಲಗೆ, ಅರ್ಧ ಇಂಚು ಹಿಂದಕ್ಕೆ ಜಾರಿಸಿದಳು.

“ಉಗುರು ಜಾರಿಸಿದೆ” ಎಂದ ಮಾಸ್ಟರ್, ಬೆನ್ನು ತಿರುಗಿಸಿಕೊಂಡೇ. “ಟೇಪು ಸಡಿಲ ಆದದ್ದು ನನ್ನ ಮೂಳೆಗೆ ಗೊತ್ತಾಗಲ್ವಾ? ಇನ್ನೊಂದ್ಸಲ ಹಿಡಿ.”

ಇನ್ನೊಂದು ಸಲ ಹಿಡಿದಳು. ಅವನು ಕೈ ಹಿಂದೆ ಚಾಚಿ, ಅವಳ ಉಗುರಿನ ಮೇಲೆ ತನ್ನ ಉಗುರು ಊರಿ, ಟೇಪನ್ನು ಬಿಸಿಲಿಗೆ ತಂದು ನೋಡಿದ. ಹದಿನೇಳೂ ಮುಕ್ಕಾಲು. ಪುಸ್ತಕ ತೆಗೆದು ನೋಡಿದ. ಆಮೇಲೆ ಅವಳನ್ನು ಬೆನ್ನು ತಿರುಗಿಸಿ ನಿಲ್ಲಿಸಿ ಅಳೆದ. ಹದಿನಾಲ್ಕೂವರೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಟೇಪನ್ನು ಮಡಿಸಿ ಟೇಬಲ್ಲಿನ ಮೇಲಿಟ್ಟ. ಕನ್ನಡಿಯ ಹತ್ತಿರ ಹೋದ.

ಕನ್ನಡಿಯಲ್ಲಿ ಕಂಡ ಮುದುಕನನ್ನು ಅವನು ಕಾಲಿನಿಂದ ತಲೆಯವರೆಗೆ ನಿಧಾನವಾಗಿ ನೋಡಿದ, ಹೊಸ ಗಿರಾಕಿಯನ್ನು ನೋಡುವ ಹಾಗೆ. ಆಮೇಲೆ ಅವನಿಗೆ ಸಣ್ಣಗೆ ತಲೆಬಾಗಿದ.

“ನೀವು ನಿಜವಾಗ್ಲೂ ಅವರೇ, ಈ ಮನೆಯವರೇ” ಎಂದ ಅವಳ ಕಡೆ ತಿರುಗಿ. ದನಿಯಲ್ಲಿ ಎಷ್ಟು ಮರ್ಯಾದೆಯಿತ್ತೆಂದರೆ ಕೇಳಲಾಗುತ್ತಿರಲಿಲ್ಲ. “ನಿಮ್ಮನ್ನ ಸುಮ್ನೆ ಅನುಮಾನಪಟ್ಟೆ, ಕ್ಷಮಿಸ್ಬೇಕು. ತಪ್ಪಿರೋದು ನಾನು. ಅರ್ಧ ಇಂಚು.”

“ಅಯ್ಯೋ, ಟೇಪು ತಪ್ಪು ಕಣ್ರೀ. ನಾನೇ ಕತ್ತರಿಸಿದ್ದು, ಅರ್ಧ ಇಂಚು ನಾನೇ ಕತ್ತರಿಸಿದೆ. ನೋಡಿ ಇಲ್ಲಿ, ತಗಡು ಬಿಚ್ಚಿ ತೋರಿಸ್ತೀನಿ.”

ಅವನು ಕನಿಕರದಿಂದ ನಕ್ಕ. “ನನ್ನ ಮನಸ್ಸು ನೋಯ್ಬಾರ್ದು ಅಂತ ಹೇಳ್ತಿದೀರಿ. ಟೇಪು ತಪ್ಪಾಗಿದ್ರೆ ನಿಮ್ಮದು ಹೇಗೆ ಸರಿ ಬಂತು?”

ಉತ್ತರವಿತ್ತು, ಆದರೆ ಹೇಳಿದರೆ ಅವಳೂ ತಪ್ಪಾಗುತ್ತಿದ್ದಳು. ಇಬ್ಬರಲ್ಲಿ ಒಬ್ಬರು ಮಾತ್ರ ಸರಿಯಿರಬಹುದಾದ ಟೇಪನ್ನು ಅವಳೇ ಮಾಡಿಟ್ಟಿದ್ದಳು.

“ಯಜಮಾನರು ಇಲ್ಲದ ಮನೆಯಲ್ಲಿ ನಾನಿರೋದು ಸರಿಯಲ್ಲ” ಎನ್ನುತ್ತಾ ಅವನು ಗೂಟದಿಂದ ಟೋಪಿ ತೆಗೆದುಕೊಂಡ. “ಯಾರು ನನ್ನ ಇಲ್ಲಿ ಕಳಿಸಿದ್ರೋ ಗೊತ್ತಿಲ್ಲ. ಹೊರಡ್ತೀನಮ್ಮ.” ಸಣ್ಣ ಸಣ್ಣ ಹೆಜ್ಜೆಯಿಡುತ್ತಾ, ನೆಲಕ್ಕೆ ಪಾದ ಉಜ್ಜುತ್ತಾ ಬೀದಿ ಬಾಗಿಲಿಗೆ ನಡೆದ. ಹೊಸಿಲಿನ ಹತ್ತಿರ ಕಾಲು ಅಂಟಿಕೊಂಡಿತು. ಮೈ ಬೀದಿಯ ಕಡೆ ಬಾಗಿತು, ಪಾದ ಕದಲಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಹಾಗೇ ನಿಂತ.

“ಅಮ್ಮಾ, ಒಂದು ಉಪಕಾರ ಮಾಡ್ತೀರಾ? ಇಲ್ಲಿ ಮುಂದೆ ಒಂದು ಗೆರೆ ಎಳೀರಿ. ಹೋಗಿಬಿಡ್ತೀನಿ.”

ಅವಳ ಸೆರಗಿನ ಗಂಟಿನಲ್ಲಿ ಸುಣ್ಣದ ಬಿಲ್ಲೆ ಇತ್ತು. ಎಳೆದರೆ ಹೋಗುತ್ತಾನೆ, ಅಪರಿಚಿತನಾಗಿ, ಈ ಬಿಸಿಲಿನಲ್ಲಿ, ಎಲ್ಲಿಗೆಂದು ಗೊತ್ತಿಲ್ಲದೆ. ಎಳೆಯದಿದ್ದರೆ ಸಂಜೆಯವರೆಗೂ ಹೀಗೇ ನಿಂತಿರುತ್ತಾನೆ, ನಾಳೆ ಮಗಳು ಬಂದು ಕರೆದುಕೊಂಡು ಹೋಗುತ್ತಾಳೆ. ಅವಳು ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಅವನ ಬೆನ್ನ ಹಿಂದೆ ನಿಂತಳು. ಏನು ಮಾಡಬೇಕೆಂದು ನಿಜವಾಗಿಯೂ ತಿಳಿಯಲಿಲ್ಲ.

ಆಗ ಮಾಸ್ಟರ್ ಕತ್ತು ಹೊರಳಿಸಿ ಬೆಂಚಿನ ಕಡೆ ನೋಡಿದ. ಅವನ ಮುಖ ಬೆಳಗಿತು.

“ಬಂದ್ರಲ್ಲ” ಎಂದ. “ನಿಮ್ಮ ಯಜಮಾನ್ರು. ಯಾವಾಗ ಬಂದ್ರೋ, ಸದ್ದೇ ಇಲ್ಲ. ಕತ್ತಿನಲ್ಲಿ ಟೇಪು ಬೇರೆ.”

ಇಷ್ಟು ದಿನ ಆ ಬೆರಳು ತೋರಿಸಿದ ಕಡೆ ಒಮ್ಮೆಯೂ ತಿರುಗದವಳು ಈಗ ತಿರುಗಿದಳು. ಬೆಂಚು ಇತ್ತು. ಅದರ ಮರ ನಡುವೆ ಸವೆದು ನುಣುಪಾಗಿತ್ತು. ಬಿಸಿಲು ಅದರ ಅರ್ಧದವರೆಗೆ ಬಂದು ನಿಂತಿತ್ತು. ಅವಳ ಮಂಜುಗಣ್ಣಿಗೆ ಬೆಳಕು ಮುಗಿಯುವ ಕಡೆ ಏನಿದೆ, ಏನಿಲ್ಲ ಎಂದು ಆಣೆ ಮಾಡಿ ಹೇಳುವಂತಿರಲಿಲ್ಲ.

“ವಯಸ್ಸೆಷ್ಟು ಕಾಣುತ್ತೆ?” ಎಂದು ಕೇಳಿದಳು. ಯಾಕೆ ಕೇಳಿದಳೋ.

“ನಲವತ್ತು ಇರಬಹುದು. ಗಟ್ಟಿ ಆಳು. ಶೋಲ್ಡರ್ ನೋಡಿದ್ರೇ ಗೊತ್ತಾಗುತ್ತೆ, ಹದಿನೇಳೂ ಕಾಲು, ಅಳೆಯೋದೇ ಬೇಡ.” ಮಾಸ್ಟರಿನ ದನಿಯಲ್ಲಿ ನೆಮ್ಮದಿಯಿತ್ತು. “ಸರಿ, ಇನ್ನು ನಾನು ಹೊರಡಬಹುದು. ಗೆರೆ ಎಳೀರಮ್ಮ.”

ಅವಳು ಬೆಂಚಿನ ಎದುರಿಗೆ ಹೋಗಿ, ಸೆರಗೋ ಕೂದಲೋ ಏನೋ ಸರಿಮಾಡಿಕೊಂಡು ನಿಂತಳು. ಖಾಲಿ ಜಾಗದ ಜೊತೆ ಮಾತಾಡುವುದು ನಾಚಿಕೆಯ ವಿಷಯ ಎಂದು ನಿನ್ನೆಯವರೆಗೆ ನಂಬಿದ್ದವಳು, ಇದ್ದ ಕೊನೆಯ ಮಾನವನ್ನೂ ಬದಿಗಿಟ್ಟು ಕೇಳಿದಳು.

“ಏನ್ರೀ, ಇವರು ಹೋಗ್ತೀನಿ ಅಂತಿದಾರೆ. ಕಳಿಸ್ಲಾ?”

ಬೀದಿಯಲ್ಲಿ ಒಂದು ಸೈಕಲ್ ಹಾದುಹೋಯಿತು. ಬಾಗಿಲಲ್ಲಿ ಮಾಸ್ಟರ್ ತಲೆ ಒಂದು ಕಡೆಗೆ ವಾಲಿಸಿ ಕೇಳುತ್ತಿದ್ದ, ಗಿರಾಕಿಯ ಮಾತು ಕೇಳುವಾಗ ವಾಲಿಸುತ್ತಿದ್ದಂತೆಯೇ. ಅವನಿಗೆ ಯಾವ ಉತ್ತರ ಕೇಳಿಸುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹೋಗಲಿ ಎಂದು ಕೇಳಿಸಿದರೆ ಗೆರೆ ಎಳೆಯಲೇಬೇಕು, ಗಂಡನ ಮಾತಲ್ಲವೇ. ಅವನ ತುಟಿ ಎರಡು ಸಲ ಅಲುಗಿತು, ಕೇಳಿದ್ದನ್ನು ತಪ್ಪಿಲ್ಲದೆ ನೆನಪಿಟ್ಟುಕೊಳ್ಳುವವನ ಹಾಗೆ.

“ಅವರು ಹೇಳಿದ ಹಾಗೇ ಹೇಳ್ತೀನಿ, ತಪ್ಪು ತಿಳ್ಕೋಬೇಡಿ” ಎಂದ. “‘ಲೇ’ ಅಂತ ಶುರು ಮಾಡಿದ್ರು. ‘ಲೇ, ನಿಂಗೆ ಸೂಜಿ ಕಣ್ಣು ಕಾಣಲ್ಲ ಅಂತ ನಂಗೊತ್ತಿಲ್ಲ ಅಂದ್ಕೊಂಡಿದ್ಯಾ? ನಾಲ್ಕು ವರ್ಷದಿಂದ ಯಾಕೆ ದಾರ ಪೋಣಿಸಿಟ್ಟೆ ಮತ್ತೆ? ಈ ಮುದುಕನ್ನ ಕಳಿಸ್ಬೇಡ, ಇಟ್ಕೋ. ಕೈ ಚೆನ್ನಾಗಿದೆ, ಪೋಣಿಸ್ತಾನೆ.’ ಅಷ್ಟೇ ಹೇಳಿದ್ದು.”

ಕಾಜಮ್ಮ ಬಾಗಿಲಿಗೆ ಹೋಗಿ, ಮಂಡಿ ಊರಿ, ಹೊಸಿಲಿನ ಮುಂದಲ್ಲ, ಅವನ ಹಿಮ್ಮಡಿಯ ಹಿಂದೆ, ಕೋಣೆಯ ಕಡೆಗೆ ಒಂದು ಗೆರೆ ಎಳೆದಳು. ಅದರಾಚೆ ಒಂದು. ಬೆಂಚಿನವರೆಗೆ ಆರು ಗೆರೆ. “ಈ ಕಡೆ ತಿರುಗಿ” ಎಂದು ಕೈ ಹಿಡಿದಳು. ಅವನು ನಿಧಾನವಾಗಿ ತಿರುಗಿ, ಒಂದೊಂದೇ ಗೆರೆಯನ್ನು ಕಾಲೆತ್ತಿ ದಾಟಿ ಬಂದು, ಬೆಂಚಿನ ಈ ತುದಿಯಲ್ಲಿ ಮೈ ಮುದುರಿಕೊಂಡು ಕೂತ. ಯಜಮಾನರಿಗೆ ತಾಗಬಾರದಲ್ಲ.

ಅವಳು ಸೂಜಿದಿಂಬೂ ದಾರದ ಉಂಡೆಯೂ ತಂದು ಅವನ ಮಡಿಲಲ್ಲಿಟ್ಟಳು. ಅವನ ಕೈ ನಡುಗುವುದು ನಿಂತಿತು. ಮೊದಲ ಸೂಜಿ ಪೋಣಿಸಿ ಅವಳ ಕಡೆ ಚಾಚಿ, “ತಗೊಳ್ಳಿ” ಎಂದ. ಅವಳು ತೆಗೆದುಕೊಂಡು, ಸುತ್ತು ಹಾಕಿ ಹೋಗಿ ಬೆಂಚಿನ ಆ ತುದಿಯಲ್ಲಿ ಕೂತಳು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು.